ಸೊನ್ನೆ ನಿಮಿಷ

ಬೆಟಗೇರಿಯ ಫಕೀರಸಾಬನಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. ಕೈಯಲ್ಲಿ ತಿರುಪಿದ್ದರೆ ಅದು ಮುರಿಯುವವರೆಗೂ ಬಿಗಿಯುತ್ತಿದ್ದ. ಅವನ ಹೆಂಡತಿ ಅಲ್ಮಾಸಬಿಯದು ಇನ್ನೊಂದು ತರಹ. ಅವಳಿಗೆ ಸಿಟ್ಟು ಬಂದರೆ ಓಣಿಯ ಆ ತುದಿಯವರೆಗೂ ಕೇಳುತ್ತಿತ್ತು. ಮನೆಯಲ್ಲಿ ಇಬ್ಬರೂ ಉರ್ದು ಆಡುತ್ತಿದ್ದರು, ಜಗಳ ಮಾತ್ರ ಕನ್ನಡದಲ್ಲೇ. ಶಿರಹಟ್ಟಿಯಲ್ಲಿ ಅವಳ ತವರುಮನೆಯ ಸುತ್ತ ಇದ್ದವರೆಲ್ಲ ಕನ್ನಡದವರು, ಜಗಳವಾಡುವುದನ್ನು ಆ ಭಾಷೆಯಲ್ಲೇ ಕಲಿತೆ ಎಂದು ಅವಳೇ ಹೇಳುತ್ತಿದ್ದಳು.

ಫಕೀರಸಾಬ ಮೂಲತಃ ಲಕ್ಷ್ಮೇಶ್ವರದವನು. ಅವನ ಅಪ್ಪ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಊರೂರು ತಿರುಗಿದವನು. ಸ್ಟೀಲಿನ ಪಾತ್ರೆ ಬಂದ ಮೇಲೆ ಆ ಕಸುಬಿಗೆ ಗಿರಾಕಿ ಇಲ್ಲದಂತಾಯಿತು. ಮಗ ಗದಗಿಗೆ ಬಂದು ಮೋಟಾರು ಸುತ್ತುವ ಅಂಗಡಿಯೊಂದರಲ್ಲಿ ಕೆಲಸ ಕಲಿತ. ಅಲ್ಲಿಂದ ನಾಗಾವಿ ಕಡೆಯ ದಾರಿಯಲ್ಲಿದ್ದ ನೂಲಿನ ಗಿರಣಿಗೆ ವೈರ್‌ಮನ್ ಆಗಿ ಸೇರಿಕೊಂಡ. ಅಲ್ಮಾಸಬಿ ಅದೇ ಗಿರಣಿಯಲ್ಲಿ ನೂಲುವ ಮಿಷನ್ ನೋಡಿಕೊಳ್ಳುತ್ತಿದ್ದಳು. ಮುಂಜಾನೆಯ ಪಾಳಿಗೆ ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದರು.

೧೯೮೭ರಲ್ಲಿ ಆ ಗಿರಣಿಗೆ ಕಂಪ್ಯೂಟರ್ ಬಂತು.

ಮ್ಯಾನೇಜರ್ ದೇವೇಂದ್ರಪ್ಪನವರು ಅದಕ್ಕಾಗಿ ತಮ್ಮ ಕೋಣೆಯ ಪಕ್ಕದ ಗೋದಾಮನ್ನು ಖಾಲಿ ಮಾಡಿಸಿ, ಕಿಟಕಿಗೆ ಗಾಜು ಹಾಕಿಸಿ, ತಂಪಿನ ಯಂತ್ರ ಕೂಡಿಸಿದರು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಹುಬ್ಬಳ್ಳಿಯಿಂದ ಚನ್ನಬಸವಣ್ಣ ಎಂಬ ಇಂಜಿನಿಯರ್ ಬಂದ. ಕಂಪ್ಯೂಟರ್ ಮಾರಿದ ಕಂಪನಿಯವನು, ಮೂವತ್ತರ ಆಸುಪಾಸಿನವನು, ಬಿಗುಮಾನವಿಲ್ಲದ ಮನುಷ್ಯ. ಪ್ರತಿ ನೂಲುವ ಮಿಷನ್ನಿಗೂ ಒಂದೊಂದು ಸಣ್ಣ ಡಬ್ಬಿ ಹಚ್ಚಬೇಕು, ಎಲ್ಲ ಡಬ್ಬಿಗಳಿಂದ ತಂತಿ ಎಳೆದು ಆ ಕೋಣೆಗೆ ತರಬೇಕು. ತಂತಿ ಎಳೆಯುವ ಕೆಲಸ ಫಕೀರಸಾಬನ ಪಾಲಿಗೆ ಬಂತು.

"ಇದು ಹಾಜರಿ ತಗೊಂಡಂಗ ಅಂತ ತಿಳ್ಕೊ," ಎಂದು ಚನ್ನಬಸವಣ್ಣ ಅವನಿಗೆ ವಿವರಿಸಿದ. "ಒಂದೊಂದು ಡಬ್ಬಿಗೂ ಒಂದೊಂದು ನಂಬರ ಐತಿ. ಕೋಣ್ಯಾಗಿನ ಕಂಪ್ಯೂಟರ್ ಒಂದಾದಮ್ಯಾಲೆ ಒಂದು ನಂಬರ ಕರೀತದ. ಡಬ್ಬಿ ಉತ್ತರ ಕೊಡ್ತದ. ಮಿಷನ್ ನಡದೈತಿ, ಇಲ್ಲಾ ನಿಂತೈತಿ. ಅಷ್ಟಽ."

"ಯಾಕ ನಿಂತೈತಿ ಅಂತ ಹೇಳೂದಿಲ್ಲೇನ್ರಿ?"

"ಹೇಳ್ತದ. ಡಬ್ಬಿ ಮ್ಯಾಲೆ ಮೂರು ಗುಂಡಿ ಅದಾವ ನೋಡು. ನೂಲು ಸುತ್ತೂ ಬಾಬಿನ್ ತುಂಬಿದ್ರ ಇದು, ರಿಪೇರಿ ಇದ್ರ ಇದು, ಮಿಷನ್ ನೋಡಾಕಿ ನೀರಿಗೋ ಮತ್ತೆಲ್ಲಿಗೋ ಹೋಗಿದ್ರ ಇದು. ಒತ್ತಿದ್ರ ಕಾರಣ ಇಲ್ಲಿ ಬರ್ತದ."

ತಂತಿ ಎಳೆದು ಮುಗಿದ ಮೇಲೆ ಇಂಜಿನಿಯರ್ ಫ್ಲಾಪಿಗಳನ್ನು ಒಂದೊಂದಾಗಿ ತೂರಿಸಿ ಪ್ರೋಗ್ರಾಂ ಕೂಡಿಸಲು ಕೂತ. ಎರಡನೆಯ ಫ್ಲಾಪಿ ಓದಲೇ ಇಲ್ಲ. ಗಾಜು ಹಾಕಿಸಿದರೂ ಹತ್ತಿಯ ಧೂಳು ಎಲ್ಲಿಂದಲೋ ಒಳಗೆ ಬಂದಿತ್ತು. ಹುಬ್ಬಳ್ಳಿಗೆ ಹೋಗಿ ಇನ್ನೊಂದು ತಂದ. ಎರಡು ಡಬ್ಬಿಗಳಿಗೆ ತಪ್ಪಿ ಒಂದೇ ನಂಬರು ಕೊಟ್ಟಿದ್ದರಿಂದ ಒಂದು ಮಧ್ಯಾಹ್ನವೆಲ್ಲ ಹಾಳಾಯಿತು. ಕಡೆಗೂ ಕರಿಯ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಸಾಲು ಮೂಡಿತು. ಏಳನೆಯ ಮಿಷನ್ನು ನಡೆದಿದೆ. ಫಕೀರಸಾಬ ಬರಿಗಾಲಲ್ಲೇ ಓಡಿಹೋಗಿ ಷೆಡ್ಡಿನಲ್ಲಿ ಏಳನೆಯ ಮಿಷನ್ನನ್ನು ನಿಲ್ಲಿಸಿ, ಮತ್ತೆ ಓಡಿಬಂದು ಪರದೆ ನೋಡಿದ. ನಿಂತಿದೆ! ಅವತ್ತು ಮನೆಗೆ ಹೋಗುವಾಗ ಸೈಕಲ್ಲಿನ ಮೇಲೆ ಹೆಂಡತಿಗೆ ಅದೊಂದನ್ನೇ ಹೇಳಿದ. ಅವಳೂ ಖುಷಿಪಟ್ಟಳು. ಗಂಡನ ಕೆಲಸವೆಂದು ಮರುದಿನ ತನ್ನ ಮಿಷನ್ನಿನ ಡಬ್ಬಿಯನ್ನು ಸೆರಗಿನಿಂದ ಒರೆಸಿದಳು.

ಪ್ರೋಗ್ರಾಂ ಕೇಳುವ ಪ್ರಶ್ನೆಗಳಿಗೆ ಉತ್ತರ ತುಂಬುವ ದಿನ ಮ್ಯಾನೇಜರ್ ತಾವೇ ಬಂದು ಕುರ್ಚಿಯ ಮೇಲೆ ಕೂತರು.

"ಎಷ್ಟು ನಿಮಿಷದ ಒಳಗ ನಿಂತಿದ್ದನ್ನ ಲೆಕ್ಕಕ್ಕ ಹಿಡೀಬಾರದು ಅಂತ ಕೇಳತೈತ್ರಿ," ಎಂದ ಚನ್ನಬಸವಣ್ಣ. "ಬ್ಯಾರೆ ಗಿರಣಿಯೊಳಗ ಹತ್ತು ನಿಮಿಷ ಹಾಕ್ಯಾರ."

"ಸೊನ್ನಿ ಹಾಕ್ರಿ."

"ಸೊನ್ನಿ ಹಾಕಿದ್ರ ಒಂದು ಎಳಿ ಹರದು ಜೋಡಿಸೂದೂ ತಪ್ಪು ಅಂತ ಬರ್ತದ್ರೀ ಸಾಹೇಬ್ರ."

"ಬರ್ಲಿ. ನಮ್ಮ ಗಿರಣಿ ನಮಗ ಗೊತ್ತಿಲ್ಲೇನ್ರಿ? ಆ ಗುಂಡಿಗೋಳೂ ಬ್ಯಾಡ, ಬಂದ್ ಮಾಡ್ರಿ. ಗುಂಡಿ ಕೊಟ್ರ ಈ ಹೆಣಮಕ್ಕಳು ದಿನಾ ರಿಪೇರಿ ಅಂತ ಒತ್ತಾರು."

ಇಂಜಿನಿಯರ್ ಸೊನ್ನೆ ಹಾಕಿದ. ಗುಂಡಿಗಳನ್ನು ಬಂದ್ ಮಾಡಿದ. ಪಕ್ಕದಲ್ಲಿ ನಿಂತಿದ್ದ ಫಕೀರಸಾಬನಿಗೆ ಅವತ್ತು ಅದು ದೊಡ್ಡದೆನಿಸಲಿಲ್ಲ. ಹೋಗುವ ಮುಂಚೆ ಚನ್ನಬಸವಣ್ಣ ಅವನಿಗೆ ಪಾಸ್‌ವರ್ಡ್ ಹೇಳಿಕೊಟ್ಟು, ದಿನಾ ಮುಂಜಾನೆ ಕಂಪ್ಯೂಟರ್ ಶುರು ಮಾಡುವುದು ಹೇಗೆ, ಯಾವುದನ್ನು ಎಲ್ಲಿ ಬದಲಿಸಬೇಕು ಎಂದೆಲ್ಲ ತೋರಿಸಿ ಹೋದ.

ಮುಂದಿನ ವಾರದಿಂದ ಪಾಳಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರದ ಮೈಕಿನಲ್ಲಿ ಹೆಸರು ಕೂಗುವುದು ಶುರುವಾಯಿತು. ಯಾರ ಮಿಷನ್ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿತ್ತೋ ಅವರ ಹೆಸರು. ಕೆಲಸ ಮುಗಿಸಿ ತಲೆಯ ಮೇಲಿನ ಹತ್ತಿಯ ಎಳೆ ಕೊಡವಿಕೊಳ್ಳುತ್ತ ಬರುತ್ತಿದ್ದ ಹೆಂಗಸರು ಸಾಲಾಗಿ ನಿಂತು ತಮ್ಮ ಹೆಸರು ಬರುತ್ತದೋ ಏನೋ ಎಂದು ಕೇಳಿಸಿಕೊಳ್ಳಬೇಕು. ಮೇಲಿಂದ ಮೇಲೆ ಹೆಸರು ಬಂದವರಿಗೆ ನಾಳೆಯಿಂದ ಬರಬೇಡ ಎನ್ನುತ್ತಿದ್ದರು.

ಮೊದಲು ಹೊರಗೆ ಹೋದವಳು ಬಸವಣ್ಣೆವ್ವ. ಷೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು. ಅಲ್ಮಾಸಬಿಗೆ ಹರಿದ ಎಳೆ ಜೋಡಿಸುವುದನ್ನು ಕಲಿಸಿದವಳು ಅವಳೇ. ಅವಳ ಮಿಷನ್ನಿನ ಪಟ್ಟಾ ಹಳೆಯದಾಗಿ ಜಾರುತ್ತಿತ್ತು. ಜಾರಿದಾಗಲೆಲ್ಲ ಮಿಷನ್ ನಿಲ್ಲಿಸಿ ಫಿಟ್ಟರನಿಗೆ ಹೇಳಿಕಳಿಸಿ, ಅವನು ಬರುವವರೆಗೂ ಕಾಯಬೇಕು. ಕಾದಷ್ಟು ಹೊತ್ತೂ ಅವಳ ಹೆಸರಿಗೇ ಬಿತ್ತು. ಆಮೇಲೆ ಬಾಳೆಹೊಸೂರಿನಿಂದ ಮದುವೆಯಾಗಿ ಬಂದಿದ್ದ ಒಬ್ಬ ಬಸುರಿ ಹೆಂಗಸು ಹೋದಳು. ಹಾಗೆಯೇ ಇನ್ನೂ ಕೆಲವರು.

ಒಂದು ದಿನ ಮೈಕಿನಲ್ಲಿ ಅಲ್ಮಾಸಬಿಯ ಹೆಸರು ಬಂತು.

ಅವತ್ತು ಅವಳು ಸೈಕಲ್ ಹತ್ತಲಿಲ್ಲ. ಬಿಸಿಲಿನಲ್ಲಿ ಬೆಟಗೇರಿಯವರೆಗೂ ನಡೆದಳು. ಹಿಂದೆ ಅವನು ಸೈಕಲ್ ತಳ್ಳಿಕೊಂಡು ಬಂದ. ಮನೆಯ ಬಾಗಿಲು ದಾಟಿದ್ದೇ ತಡ, ಅವಳು ತಿರುಗಿ ನಿಂತಳು.

"ಪಾಯಖಾನಿಗೆ ಹೋಗಿದ್ದೆ ನಾನು! ಅದನ್ನ ಊರಿಗೆಲ್ಲಾ ಕೇಳೂವಂಗ ಮೈಕಿನ್ಯಾಗ ಒದರಿದ್ರಲ್ಲ, ನಿಮಗ ಕೇಳಿಸ್ತೋ ಇಲ್ಲೋ?"

"ನಾ ಏನ್ ಮಾಡ್ಲಿ? ನಾ ಒದರಿಲ್ಲ."

"ಡಬ್ಬಿ ಹಚ್ಚಿದವರು ಯಾರು? ತಂತಿ ಎಳದವರು ಯಾರು? ದಿನಾ ಮುಂಜಾನೆ ಹೋಗಿ ಅದನ್ನ ಎಬ್ಬಸವರು ಯಾರು? ಬಸವಣ್ಣೆವ್ವ ದಿನಾ ಗೇಟಿನ ಹೊರಗ ಕುಂತು ಅಳಾಕ್ಹತ್ಯಾಳ. ನಿಮಗ ಅದರ ಹಸರು ಲೈಟ್ ನೋಡೂದಽ ಆಗೈತಿ!"

ಫಕೀರಸಾಬ ಊಟಕ್ಕೂ ಕೂಡಲಿಲ್ಲ. ರಿಪೇರಿಗೆ ಬಂದಿದ್ದ ಪಕ್ಕದ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಎದುರಿಗೆ ಇಟ್ಟುಕೊಂಡು ಬಿಚ್ಚತೊಡಗಿದ. ಅದರ ಹಿಡಿಕೆ ಮುರಿಯಿತು.

ಮರುದಿನ ಮ್ಯಾನೇಜರ ಮುಂದೆ ಹೋಗಿ ನಿಂತ. "ಸಾಹೇಬ್ರ, ಗುಂಡಿ ಚಾಲೂ ಮಾಡೂಣ್ರಿ. ಹತ್ತು ನಿಮಿಷ ಬಿಡೂಣ್ರಿ. ಪಟ್ಟಾ ಜಾರಿದ್ರ ಆ ಹೆಣಮಗಳ ತಪ್ಪೇನೈತ್ರಿ?"

ದೇವೇಂದ್ರಪ್ಪನವರು ತಲೆ ಎತ್ತಲಿಲ್ಲ. "ಕಂಪ್ಯೂಟರ್ ಸುಳ್ಳ ಹೇಳ್ತದೇನು?"

"ಸುಳ್ಳ ಹೇಳೂದಿಲ್ರಿ. ನಾವು ಅದರ ಬಾಯಿ ಕಟ್ಟೇವಿ."

"ಏನಪಾ, ಹೇಂತಿ ಹೆಸರು ಬಂತಂತ ಬಂದೀಯೇನು? ವೈರ್ ನೋಡೂದು ನಿನ್ನ ಕೆಲಸ. ಅಷ್ಟು ಮಾಡು, ಹೋಗು."

ಅವನು ಹೊರಗೆ ಬಂದಾಗ ಗೇಟಿನ ಆಚೆ ಬೇವಿನ ಗಿಡದ ಕೆಳಗೆ ಬಸವಣ್ಣೆವ್ವ ಕೂತಿದ್ದಳು. ಕೆಲಸದಿಂದ ತೆಗೆದ ಮೇಲೂ ಅವಳು ದಿನಾ ಬಂದು ಅಲ್ಲಿ ಕೂಡುತ್ತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

"ತಮ್ಮಾ, ಒಂದು ಮಾತು ಹೇಳು. ನಾ ಸುಮ್ನ ನಿಂತಿದ್ನಿ ಅಂತ ಅದು ಹೇಳ್ತಂತಲ್ಲ, ಅದಕ್ಕ ಕಣ್ಣು ಅದಾವೇನು?"

"ಇಲ್ಲಬೇ ಯಕ್ಕಾ."

"ಮತ್ತ ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಮ್ಯಾನೇಜರ ಮೇಲಿನ ಸಿಟ್ಟು, ತನ್ನ ಮೇಲಿನ ಸಿಟ್ಟು ಎರಡೂ ಒಟ್ಟಿಗೆ ನೆತ್ತಿಗೇರಿದವು. ತಿರುಗಿ ಒಳಗೆ ನಡೆದ. ಚಪ್ಪಲಿ ಬಿಡದೆ ಆ ತಂಪು ಕೋಣೆಗೆ ನುಗ್ಗಿ, ಬಾಗಿಲು ಹಾಕಿಕೊಂಡು, ಪಾಸ್‌ವರ್ಡ್ ಒತ್ತಿದ. ಸೊನ್ನೆ ಇದ್ದಲ್ಲಿ ಹತ್ತು ಹಾಕಿದ. ಮೂರೂ ಗುಂಡಿಗಳನ್ನು ಚಾಲೂ ಮಾಡಿದ. ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಶುರು ಮಾಡಿದ. ಪಾಳಿ ಬಿಟ್ಟು ಹೆಂಗಸರು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ಮೈಕು ಕೈಗೆತ್ತಿಕೊಂಡ.

"ನಾನು ವೈರ್‌ಮನ್ ಫಕೀರಸಾಬ ಮಾತಾಡಾಕ್ಹತ್ತೀನಿ. ಗುಂಡಿ ಚಾಲೂ ಆಗ್ಯಾವ. ಬಾಬಿನ್ ತುಂಬಿದ್ರ ಮ್ಯಾಲಿಂದು ಒತ್ರಿ. ರಿಪೇರಿ ಇದ್ರ ನಡುವಿಂದು. ನೀರಿಗೆ, ಪಾಯಖಾನಿಗೆ ಹೋದ್ರ ಕೆಳಗಿಂದು. ಹತ್ತು ನಿಮಿಷ ಯಾರೂ ಕೇಳೂದಿಲ್ಲ. ಇದನ್ನ ಮಾಡಿದಾಂವ ನಾನು, ಬ್ಯಾರೆ ಯಾರೂ ಅಲ್ಲ."

ದೇವೇಂದ್ರಪ್ಪನವರು ಓಡಿಬಂದು ಅವನ ಕೈಯಿಂದ ಮೈಕು ಕಿತ್ತುಕೊಂಡರು. ಲಕ್ಷಾಂತರ ರೂಪಾಯಿಯ ಯಂತ್ರವನ್ನು ಕೆಡಿಸಿದ ಎಂದು ಕೂಗಾಡಿ, ಕಾವಲುಗಾರನಿಂದ ಅವನನ್ನು ಗೇಟಿನ ಹೊರಗೆ ಹಾಕಿಸಿದರು. ಅವನ ಸಾಮಾನಿನ ಚೀಲವನ್ನು ಹಿಂದಿನಿಂದ ಎಸೆದರು. ಇಕ್ಕಳ, ಟೆಸ್ಟರು ರಸ್ತೆಯ ಮೇಲೆ ಚೆಲ್ಲಿದವು. ಆರಿಸಿಕೊಟ್ಟವಳು ಬಸವಣ್ಣೆವ್ವ.

ಎರಡು ದಿನ ಬಿಟ್ಟು ಚನ್ನಬಸವಣ್ಣ ಹುಬ್ಬಳ್ಳಿಯಿಂದ ಬಂದು ಪಾಸ್‌ವರ್ಡ್ ಬದಲಿಸಿ, ಮತ್ತೆ ಸೊನ್ನೆ ಹಾಕಿ, ಗುಂಡಿ ಬಂದ್ ಮಾಡಿದ. ಹೋಗುವಾಗ ಬೆಟಗೇರಿಯಲ್ಲಿ ಫಕೀರಸಾಬನ ಮನೆ ಹುಡುಕಿಕೊಂಡು ಬಂದು ಹೊಸ್ತಿಲಲ್ಲಿ ನಿಂತ. "ನನ್ನ ನೌಕರಿ ಅದು, ಹೇಳಿದಂಗ ಮಾಡಬೇಕಾಗ್ತದ," ಎಂದ. ಫಕೀರಸಾಬ ಒಳಗೆ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಇಂಜಿನಿಯರ್ ತಿರುಗಿ ಹೋದ.

ಮರುದಿನ ಷೆಡ್ಡಿನ ಹೆಂಗಸರು ಒಂದು ಕೆಲಸ ಮಾಡಿದರು. ಅದನ್ನು ಮೊದಲು ಹೇಳಿದವಳು ಅಲ್ಮಾಸಬಿ. ನಿಲ್ಲಿಸಿದ್ದಷ್ಟೇ ಕಂಪ್ಯೂಟರಿಗೆ ಗೊತ್ತಾಗುವುದಾದರೆ ಎಲ್ಲರೂ ನಿಲ್ಲಿಸೋಣ, ಎಲ್ಲರ ಹೆಸರೂ ಕೂಗಲಿ ಎಂದಳು. ನಡು ಮಧ್ಯಾಹ್ನ ಒಂದೇ ಏಟಿಗೆ ಎಲ್ಲ ಮಿಷನ್ನುಗಳೂ ನಿಂತವು. ಅಷ್ಟು ದೊಡ್ಡ ಷೆಡ್ಡಿನ ಸದ್ದು ಅಡಗಿ, ಮೇಲಿನ ತಗಡಿನ ಮೇಲೆ ಪಾರಿವಾಳ ಓಡಾಡುವುದು ಕೇಳಿಸಿತು. ಹೆಂಗಸರು ತಂತಮ್ಮ ಮಿಷನ್ನಿನ ಪಕ್ಕ ಕೈಕಟ್ಟಿ ನಿಂತರು. ಪರದೆಯ ತುಂಬ ಮೇಲಿನಿಂದ ಕೆಳಗಿನವರೆಗೂ ಒಂದೇ ಮಾತು. ನಿಂತಿದೆ, ನಿಂತಿದೆ, ನಿಂತಿದೆ.

ಪಾಳಿ ಬಿಟ್ಟಾಗ ಅವರು ಗೇಟಿನಲ್ಲಿ ನಿಂತರು, ಯಾರೂ ಕದಲಲಿಲ್ಲ.

"ಕೂಗ್ರಿ!" ಎಂದು ಅಲ್ಮಾಸಬಿ ಒದರಿದಳು. "ಎಲ್ಲಾರ ಹೆಸರೂ ಕೂಗ್ರಿ. ನಾವು ಕೇಳಾಕ ನಿಂತೇವಿ!"

ಅವತ್ತು ಮೈಕಿನಲ್ಲಿ ಯಾರ ಹೆಸರೂ ಬರಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಮಿಷನ್ನುಗಳು ನಿಂತವು, ಅದರ ಮರುದಿನವೂ. ವಾರ ತುಂಬುವ ಮೊದಲೇ ಮ್ಯಾನೇಜರ್ ನಾಲ್ವರು ಹೆಂಗಸರನ್ನು ಮಾತಿಗೆ ಕರೆದರು. ಅವರಲ್ಲಿ ಅಲ್ಮಾಸಬಿಯೂ ಇದ್ದಳು. ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ಹತ್ತು ನಿಮಿಷ ಬಿಡುವುದು, ಗುಂಡಿ ಚಾಲೂ ಮಾಡುವುದು, ಮೈಕು ತೆಗೆಯುವುದು, ಬಸವಣ್ಣೆವ್ವ ಮತ್ತು ಹೊರಗೆ ಹಾಕಿದ ಉಳಿದವರನ್ನು ತಿರುಗಿ ತೆಗೆದುಕೊಳ್ಳುವುದು. ಫಕೀರಸಾಬ ಮಾತ್ರ ಗಿರಣಿಯೊಳಗೆ ಕಾಲಿಡಕೂಡದು.

ಅಲ್ಮಾಸಬಿ ಮನೆಗೆ ಬಂದು ನಿಂತುಕೊಂಡೇ ಅಷ್ಟನ್ನೂ ಹೇಳಿದಳು.

ಅವನ ಮುಖ ಕೆಂಪೇರಿತು. ಅವನು ಕೂಗಿದ್ದನ್ನು ಓಣಿಯವರು ಕೇಳಿದ್ದು ಅದೇ ಮೊದಲು. "ನೀ ಹೂಂ ಅಂದಿ? ನನ್ನ ಹೇಂತಿ, ನೀ ಹೂಂ ಅಂದು ಬಂದಿ?"

"ಹೂಂ ಅಂದೆ."

"ಯಾರ ಸಲುವಾಗಿ ನಾ ಆ ಕೋಣ್ಯಾಗ ಹೊಕ್ಕಿದ್ದೆ?"

"ನಮ್ಮ ಸಲುವಾಗಿ. ನನಗ ಗೊತ್ತೈತಿ. ನಿಮ್ಮ ಕೈಯಾಗ ಕಸಬು ಐತಿ, ಎಲ್ಲ್ಯಾದ್ರೂ ದುಡೀತೀರಿ. ಬಸವಣ್ಣೆವ್ವಗ ಈ ವಯಸ್ಸಿನ್ಯಾಗ ಯಾರು ಕೆಲಸಾ ಕೊಡ್ತಾರ? ಆ ಬಸರಿ ಹೆಣಮಗಳಿಗೆ? ನಿಮ್ಮೊಬ್ಬರ ಸಲುವಾಗಿ ಅವರನ್ನೆಲ್ಲಾ ಹೊರಗ ಬಿಡ್ಲ್ಯಾ?"

"ನನ್ನ ಕೇಳಬೇಕಿತ್ತು."

"ಕೇಳಿದ್ರ ಏನಂತಿದ್ರಿ?"

ಅವನು ಗೂಟದಲ್ಲಿದ್ದ ಸಾಮಾನಿನ ಚೀಲ ತೆಗೆದು ಮತ್ತೆ ಅಲ್ಲೇ ತೂಗುಹಾಕಿದ. "ಹೂಂ ಅಂತಿದ್ದೆ," ಎಂದ ಕಡೆಗೆ. "ಆದ್ರೂ ಕೇಳಬೇಕಿತ್ತು."

ಅಲ್ಮಾಸಬಿ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.

ಅವನು ಮುಂಡರಗಿ ರಸ್ತೆಯಲ್ಲಿ ಸಣ್ಣದೊಂದು ಅಂಗಡಿ ಹಾಕಿ ಮೋಟಾರು ಸುತ್ತತೊಡಗಿದ. ಡೋಣಿಯ ಕಡೆಯ ತೋಟಗಳಿಂದ ಕೆಟ್ಟ ಪಂಪುಗಳು ಬರುತ್ತಿದ್ದವು. ಕೆಲಸಕ್ಕೆ ತೊಂದರೆಯಾಗಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ. ಗಿರಣಿಯ ಹೆಂಗಸರು ದಾರಿಯಲ್ಲಿ ಸಿಕ್ಕು "ಅಣ್ಣಾ, ಆರಾಮ ಇದ್ದೀರಿ?" ಎಂದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಬಸವಣ್ಣೆವ್ವ ಒಬ್ಬಳೇ ಅಂಗಡಿಯೊಳಗೆ ಬಂದು, ಅವನು ಮಾತಾಡಲಿ ಬಿಡಲಿ, ಸ್ಟೂಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು.

ಬೇಸಿಗೆ ಕಳೆದು ಮಳೆಗಾಲ ಬಂದಾಗ ಗಿರಣಿಯ ಕಂಪ್ಯೂಟರ್ ಕೆಟ್ಟಿತು. ಅರ್ಧ ಡಬ್ಬಿಗಳು ಉತ್ತರ ಕೊಡುತ್ತಿರಲಿಲ್ಲ, ತಂತಿ ಎಲ್ಲಿ ಹೋಗಿದೆಯೋ ಯಾರಿಗೂ ತಿಳಿಯಲಿಲ್ಲ. ಮ್ಯಾನೇಜರ್ ಒಬ್ಬ ಕಾರಕೂನನನ್ನು ಬೆಟಗೇರಿಗೆ ಕಳಿಸಿದರು. ಫಕೀರಸಾಬ ಒಳಗೆ ನಮಾಜು ಮುಗಿಸಿ ಎದ್ದು ಬರುವಷ್ಟರಲ್ಲಿ ಅಲ್ಮಾಸಬಿ ಬಾಗಿಲಲ್ಲೇ ಕಾರಕೂನನನ್ನು ತಿರುಗಿಸಿ ಕಳಿಸಿದ್ದಳು.

"ಏನಂದಿ ಅವಗ?"

"ಅವರು ಬರೂದಿಲ್ಲ ಅಂದೆ."

"ಮತ್ತ ನನ್ನ ಕೇಳಲಿಲ್ಲ!"

"ಹೋಗ್ತಿದ್ರೇನು?"

"ನನ್ನ ಹೆಣಾನೂ ಹೋಗೂದಿಲ್ಲ ಅಲ್ಲಿಗೆ."

"ಹಂಗಾರ ಓಡಿಹೋಗಿ ನೀವಽ ಹೇಳಿ ಬರ್ರಿ. ಇನ್ನೂ ಓಣಿ ದಾಟಿಲ್ಲ ಅಂವ."

ಫಕೀರಸಾಬ ಚಪ್ಪಲಿ ಮೆಟ್ಟಿಕೊಂಡು ಖರೆಯೇ ಓಡಿದ. ಕಾರಕೂನನನ್ನು ಓಣಿಯ ಕೊನೆಯಲ್ಲಿ ತಡೆದು ನಿಲ್ಲಿಸಿ, ಮ್ಯಾನೇಜರಿಗೆ ಏನು ಹೇಳಬೇಕೆಂಬುದನ್ನು ಎಲ್ಲರಿಗೂ ಕೇಳುವಂತೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದ.