ದ್ರೌಪತಿ ವೈನಿಯ ಮುಕ್ಕಾಲು ಬುಟ್ಟಿ

ನಮ್ಮ ಅಣ್ಣನ ಹೆಣ್ತಿ ದ್ರೌಪತಿ ವೈನಿ ಬಗ್ಗೆ ಹೇಳಬೇಕಂದ್ರ ನನಗ ಮೊದಲ ಸಿಟ್ಟು ಬರ್ತದ, ಆಮ್ಯಾಲ ನಗು. ನಾ ಮಚ್ಚೇಂದ್ರ, ಘಾಟಬೋರಾಳದ ಗೌಂಡಿ. ಗ್ವಾಡಿ ಕಟ್ಟೋದು ನನ್ನ ಕೆಲಸ, ನಾ ಕಟ್ಟಿದ್ದಕ್ಕ ಹೆಸರು ಇಡೋದು ಆಕಿ ಕೆಲಸ. ಅಣ್ಣ ತೀರಿಕೊಂಡ ಮ್ಯಾಲ ಆಕಿ ತಗಡಿನ ಗುಡಿಸಲದಾಗ ಎಷ್ಟೋ ಮಳಿಗಾಲ ತೆಗೆದಳು. ಒಂದು ಒಣಾ ಮನಿ ಆಗ್ಲಿ ಅಂತ ಜೀವ ತೇಯ್ದಾಕಿ.

ಅಂತೂ ಊರ ಹೊರಗ ನಮ್ಮಂಥವರಿಗೆ ಸರಕಾರದ ಮನಿ ಮಂಜೂರಾದ್ವು. ಗುತ್ತೇದಾರ ಹುಮನಾಬಾದಿನ ಧನರಾಜ. ಕೆಲಸಕ್ಕ ನಮ್ಮೂರವರನ್ನೇ ಹಚ್ಚಿದ, ಅದೊಂದು ಪುಣ್ಯ, ಇಲ್ಲಂದ್ರ ಗಂಟು ಕಟ್ಟಿಕೊಂಡು ಹೈದರಾಬಾದಿನ ಹಾದಿ ಹಿಡೀಬೇಕಿತ್ತು. ಆದ್ರ ಹೆಣ್ಣಾಳಿಗೆ ಗಂಡಾಳಿನ ಮುಕ್ಕಾಲು ಪಗಾರ. ಅದೇ ಕಾಂಕ್ರೀಟು, ಅದೇ ಬುಟ್ಟಿ, ಅದೇ ಏಣಿ. ವೈನಿ ಹೆಂಗಸರ ಪರವಾಗಿ ಕೇಳಿದಾಗೆಲ್ಲಾ ಮುಂದಿನ ಸ್ಲ್ಯಾಬಿಗೆ ನೋಡೋಣು ಅಂತಿದ್ದ. ಹಂಗ ನೋಡ್ಕೋತ ನೋಡ್ಕೋತ ಎಲ್ಲಾರ ಮನಿ ಸ್ಲ್ಯಾಬ್ ಮುಗಿದು, ಕಡೀಕ ವೈನಿ ಮನಿ ಒಂದೇ ಉಳೀತು. ಅದಾದ ಮ್ಯಾಲ ಅವನ ಕೆಲಸ ಬಸವಕಲ್ಯಾಣದಾಗ. ನಮ್ಮ ಹೆಂಗಸರನ್ನೇ ಜೀಪಿನ್ಯಾಗ ಕರ್ಕೊಂಡು ಹೋಗೋ ಮಾತಿತ್ತು, ಅದೇ ಮುಕ್ಕಾಲು ಪಗಾರಕ್ಕ.

ಸ್ಲ್ಯಾಬ್ ಹಾಕೋ ದಿನ ಅಂದ್ರ ನಮ್ಮ ಕಡೆ ಮದುವಿ ಇದ್ದಂಗ. ಮನಿಯವರು ಆಳಿಗೆಲ್ಲಾ ಹುಗ್ಗಿ ಉಣ್ಣಸಬೇಕು. ಮತ್ತ ಒಮ್ಮೆ ಶುರು ಮಾಡಿದ್ರ ನಡುವ ನಿಲ್ಲಸಂಗಿಲ್ಲ. ನಿಂತ್ರ ಹಳೇದು ಹೊಸಾದು ಕೂಡಂಗಿಲ್ಲ, ಆ ಜೋಡಿನ್ಯಾಗಿಂದ ಮಳಿ ನೀರು ಇಳೀತದ. ವೈನಿ ಮುಂಜಾನಿನೇ ಹುಗ್ಗಿ ಒಲಿ ಮ್ಯಾಲ ಇಟ್ಟು, ತಲಿ ಮ್ಯಾಲ ಸಿಂಬಿ ಇಟ್ಕೊಂಡು ಬುಟ್ಟಿ ಹೊರಾಕ ಬಂದಳು. ಧನರಾಜ ಬಿಳಿ ಅಂಗಿ ತೊಟ್ಟು ಕುರ್ಚಿ ಮ್ಯಾಲ ಆರಾಮ ಕುಂತಿದ್ದ. ಮನಿ ಆಕೀದೇ ಅದಲ್ಲ, ಇವತ್ತು ಬಾಯಿ ತೆಗಿಯಂಗಿಲ್ಲ ಅನ್ನೋ ಧೈರ್ಯ ಅವಂಗ.

ಅರ್ಧ ಸ್ಲ್ಯಾಬ್ ಆಗಿತ್ತು. ಮ್ಯಾಲ ಕಾಂಕ್ರೀಟ್ ಹರವಾಕತ್ತಿದ್ದ ನಾ ನೋಡ್ತೀನಿ, ಗಂಡಸರ ಬುಟ್ಟಿ ತುಂಬಿ ಬರಾಕತ್ತಾವ, ಹೆಂಗಸರದು ಒಂದೂ ತುಂಬಿಲ್ಲ. ಬಾಜೂ ಮನಿ ಸರಿತಾ ಅಂತೂ ಬೆರಳು ಇಟ್ಟು ಅಳತಿ ನೋಡಿ, ಹೆಚ್ಚಾದದ್ದು ವಾಪಸ್ ಸುರುವಾಕತ್ತಿದ್ದಳು. ನಾ ಒದರಿದೆ. ಧನರಾಜ ಎದ್ದು ಬಂದು ಏನಿದು ತಮಾಷಾ ಅಂತ ಕೇಳಿದ. ವೈನಿ ಸೆರಗಿಲೆ ಬೆವರು ಒರಸ್ಕೊಂಡು ಭಾಳ ಮರ್ಯಾದಿಲೆ ಅಂದಳು:

"ಪಗಾರ ಮುಕ್ಕಾಲು ಕೊಡ್ತೀರಿ, ಬುಟ್ಟಿನೂ ಮುಕ್ಕಾಲು ಹೊರಾಕತ್ತೇವ್ರಿ. ನಿಮ್ಮದೊಂದು ಪೈಸಾ ಹರಾಮ ತಿನ್ನಂಗಿಲ್ಲ."

ಗಂಡಾಳುಗೋಳು ಕಿಸಕ್ಕಂತ ನಕ್ಕರು. ಧನರಾಜಗ ಸಿಟ್ಟು ನೆತ್ತಿಗೇರ್ತು. ಸೋರಿದ್ರ ನಿನ್ನ ತಲಿ ಮ್ಯಾಲೇ ಸೋರ್ತದ, ನನ್ನ ಕೇಳಬ್ಯಾಡ ಅಂದ. ಹೌದ್ರಿ, ನನ್ನ ತಲಿ ಗಟ್ಟಿ ಅದ ಅಂತ ಹೇಳಿ ವೈನಿ ಸಿಂಬಿ ಕೆಳಗ ಹಾಕಿ ಅದರ ಮ್ಯಾಲೇ ಕುಂತುಬಿಟ್ಟಳು. ಉಳಿದ ಹೆಂಗಸರೂ ಕುಂತರು. ನಾ ಮ್ಯಾಲಿಂದ ಬೈದೆ, ಕೈ ಮುಗಿದೆ, ಆಕಿ ನನ್ನ ಕಡೆ ಹೊಳ್ಳಿ ನೋಡ್ಲಿಲ್ಲ. ಬಿಸಿಲಿಗೆ ಸ್ಲ್ಯಾಬಿನ ಅಂಚು ಒಣಗಿ ಬೆಳ್ಳಗಾಗಾಕತ್ತಿತ್ತು.

ಧನರಾಜ ಗಂಡಸರಿಗೆ ನೀವಾರ ಹೊರ್ರಿ ಅಂದ. ಹುಗ್ಗಿ ವಾಸನಿ ಬರಾಕತ್ತದ, ಮೊದಲ ಉಣ್ತೀವಿ ಅಂತ ಅವರೂ ಕುಂತರು. ಬಾಡಿಗಿಗೆ ತಂದ ಮಿಕ್ಸರಿನ್ಯಾಗ ಕಲಿಸಿದ ಮಾಲು ಗಟ್ಟಿ ಆದ್ರ ಮಷೀನೇ ಹಾಳು, ಅವನ ಮಾರಿ ಸಣ್ಣಾತು. ಆವಾಗ ವೈನಿ ಅವನ ಮುಂದ ಎರಡು ಬುಟ್ಟಿ ಇಡಿಸಿದಳು. ಒಂದು ಗಂಡಾಳಿಂದು, ಒಂದು ಹೆಣ್ಣಾಳಿಂದು, ಎರಡೂ ತುಂಬಿದ್ದು.

"ಕಣ್ಣು ಮುಚ್ಚಿ ಎತ್ತಿ ನೋಡ್ರಿ ಸಾವಕಾರ. ಹೆಂಗಸರದು ಹಗುರ ಅದ ಅಂದ್ರ ನಾವು ಮುಕ್ಕಾಲಿಗೇ ಬರ್ತೀವಿ."

ಮೊದಲನೇ ಬುಟ್ಟಿ ಎದಿಮಟ ಎತ್ತೋದ್ರಾಗ ಸಿಮೆಂಟ್ ನೀರು ಬಿಳಿ ಅಂಗಿ ಮ್ಯಾಲ ಇಳೀತು. ಎರಡನೇದು ಅವ ಮುಟ್ಟಲೇ ಇಲ್ಲ. ಬರಾಬರ ಪಗಾರ ಕೊಡ್ತೀನಿ, ಬಸವಕಲ್ಯಾಣದಾಗೂ ಕೊಡ್ತೀನಿ, ಏಳ್ರಿ ತಾಯಿ ಅಂತ ಎಲ್ಲಾರ ಮುಂದ ಒಪ್ಪಿಕೊಂಡ. ಆಮ್ಯಾಲ ಬಂದ ಬುಟ್ಟಿ ತುಂಬಿ ತುಳಕಾಕತ್ತಿದ್ವು.

ಈಗ ಜೀಪು ದಿನಾ ಬಸವಕಲ್ಯಾಣಕ್ಕ ಹೋಗ್ತದ, ಹೆಂಗಸರಿಗೆ ಬರಾಬರ ಪಗಾರ ಸಿಗ್ತದ. ಆದ್ರ ಮೊದಲ ದೊಡ್ಡ ಮಳಿ ಬಿದ್ದಾಗ ನಾ ಜೀವ ಕೈಯಾಗ ಹಿಡ್ಕೊಂಡು ವೈನಿ ಮನಿಗೆ ಓಡಿದೆ. ನಾ ಅಂಜಿದ್ದೇ ಆಗಿತ್ತು. ಜೋಡಿನ ಕೆಳಗ ಕೊಡ ಇಟ್ಟು, ಹಾಸಿಗಿ ಮೂಲಿಗೆ ಸರಿಸಿ, ಆಕಿ ಚಾ ಕುದಿಸಾಕತ್ತಿದ್ದಳು. ಅಷ್ಟು ಮನಿ ಸ್ಲ್ಯಾಬ್ ಹಾಕೀವಿ, ಯಾವದರ ಮುಂದ ಬೇಕಾದ್ರೂ ಕುಂದ್ರಬೇಕಿತ್ತು, ನಿನ್ನ ಮನೀನೇ ಯಾಕ ಹಾಳು ಮಾಡ್ಕೊಂಡಿ ಅಂತ ಒದರಿದೆ.

ಆಕಿ ಚಾ ಸೋಸ್ಕೋತ ಕೇಳಿದಳು, "ಸರಿತಾನ ಮನಿ ಸೋರಾಕತ್ತದೇನು?"

"ಇಲ್ಲ."

"ಮತ್ತ ಯಾರ್ದರ?"

"ಯಾರ್ದೂ ಇಲ್ಲ."

"ಹಂಗಾರ ಕುಂತು ಚಾ ಕುಡಿ," ಅಂದಳು.