ಚೀಟಿ ಅಂಟಿದ ಸೇಬು

ಮೈದುನನ ನಿಶ್ಚಿತಾರ್ಥಕ್ಕೆ ಹೆಣ್ಣಿನ ಮನೆಗೆ ಐದು ತಟ್ಟೆ ಹಣ್ಣು ಒಯ್ಯಬೇಕಿತ್ತು. ಹೊರದೇಶದ ಸೇಬು ದಿಂಬಂ ಘಾಟಿ ಹತ್ತಿ ನಮ್ಮ ತಿಗನಾರೆಯವರೆಗೂ ಬರತೊಡಗಿದ್ದ ವರ್ಷಗಳು ಅವು. ಆ ಸಲ ಆನೆಗಳು ಬಾಳೆತೋಟ ತುಳಿದು ಹೋದ ಮೇಲೆ ಉಳಿದದ್ದು ಬೇಲಿ ಮೂಲೆಯ ನಾಲ್ಕು ಗೊನೆ. ಅದರಲ್ಲಿ ಒಳ್ಳೆಯದೊಂದನ್ನು ನನ್ನವರು ತಮ್ಮನ ಶಾಸ್ತ್ರಕ್ಕೆಂದೇ ಕಡಿದು, ಹುಲ್ಲಿನಲ್ಲಿ ಮುಚ್ಚಿಟ್ಟು, ದಿನಕ್ಕೆರಡು ಸಲ ಹುಲ್ಲು ಸರಿಸಿ ನೋಡುತ್ತ ಹಣ್ಣು ಮಾಡಿದ್ದರು.

ಅತ್ತೆ ಸತ್ಯಮಂಗಲದಿಂದ ಸೇಬು ತರಿಸಿದರು. ಮೇಣ ಹಚ್ಚಿದ ಹೊಳಪು, ಪ್ರತಿಯೊಂದರ ಮೈಮೇಲೂ ಪುಟ್ಟ ಚೀಟಿ. ತೊಳೆಯೋಣವೆಂದು ನಾನು ಉಗುರಿನಿಂದ ಚೀಟಿ ಕೀಳತೊಡಗಿದೆ.

"ಅಯ್ಯೋ, ಬುಡು ಬುಡು! ಅದ್ನ ಕಿತ್ರೆ ಸೀಮೆ ಅಣ್ಣು ಅಂತ ಯಾರ್ಗ್ ಗೊತ್ತಾದದವ್ವ?" ಅತ್ತೆ ನನ್ನ ಕೈ ಹಿಡಿದರು. "ಕಾನ್ವೆಂಟ್ಲಿ ಓದಿದ್ದೀಯಲ್ಲ, ಏನ್ ಬರ್ದವ್ರೆ ಓದೇಳು."

ಅಮೆರಿಕದ್ದು ಎಂದೆ. ಅವರ ಮುಖ ಅರಳಿತು. ಚೀಟಿ ಎದುರಿಗೆ ಕಾಣುವಂತೆ ಒಂದೊಂದೇ ಸೇಬು ತಿರುಗಿಸಿಟ್ಟರು.

"ಒಂದು ತಟ್ಟೆಗಾದರೂ ನಮ್ಮ ಬಾಳೆಹಣ್ಣು ಇಡೋಣ ಅತ್ತೆ."

"ವೀಳ್ಯದ್ ಜೊತೆ ಎರಡು ಮಡುಗು, ಸಾಕು. ಬಾಳೆಅಣ್ಣ ಕಾಣ್ದೋರಾ ಅವ್ರು?"

ಗೊನೆ ಹೊತ್ತು ಬಾಗಿಲಲ್ಲಿ ನಿಂತಿದ್ದ ನನ್ನವರು ಎರಡು ಹಣ್ಣು ಕಿತ್ತುಕೊಟ್ಟು, ಉಳಿದದ್ದನ್ನು ಹಾಗೇ ಒಳಗೆ ಒಯ್ದರು. ನನಗೆ ಸಿಟ್ಟು ಬಂತು. ಆ ಎರಡು ಹಣ್ಣನ್ನು ವೀಳ್ಯದ ತಟ್ಟೆಯಲ್ಲಿಟ್ಟೆ.

ನಿಶ್ಚಿತಾರ್ಥದಲ್ಲಿ ಹೆಣ್ಣಿನವರೂ ತಟ್ಟೆ ತಂದಿಟ್ಟರು. ಅದೇ ಸೇಬು, ಅದೇ ಚೀಟಿ. ಅವರೂ ಕಿತ್ತಿರಲಿಲ್ಲ. ಅವರ ಹಿತ್ತಲಲ್ಲಿ ಸೀಬೆಹಣ್ಣು ಉದುರಿ ಬಿದ್ದಿತ್ತು, ಕರುವೊಂದು ಮೂಸುತ್ತಿತ್ತು. ನಮ್ಮ ಸೇಬು ಅವರಿಗೆ ಕೊಟ್ಟು, ಅವರ ಸೇಬು ನಾವು ತಂದೆವು.

ಮನೆಗೆ ಬಂದು ಹೆಚ್ಚಿದರೆ ಒಳಗೆಲ್ಲ ಹಿಟ್ಟು ಹಿಟ್ಟು.

"ಅಷ್ಟು ದೂರ್ದಿಂದ ಬರಾದು, ದಾರೀಲಿ ಬಾಡಕಿಲ್ವಾ?" ಎಂದು ಅತ್ತೆ ಇನ್ನೊಂದು ಹೋಳು ತೆಗೆದುಕೊಂಡರು. ಕಡಲು ದಾಟಿ ಬಂದ ಹಣ್ಣಿಗೆ ತೋರಿಸುವ ಈ ಕರುಣೆ ಬೇಲಿಯೊಳಗಿನ ಹಣ್ಣಿಗೇಕಿಲ್ಲ ಎಂದು ಕೇಳಬೇಕೆನಿಸಿತು. ಚಾಕು ತೊಳೆದಿಟ್ಟೆ.

ನನ್ನವರು ಸೇಬು ಮುಟ್ಟಲಿಲ್ಲ. ಗೊನೆಯಿಂದ ಒಂದು ಹಣ್ಣು ಕಿತ್ತು ನಿಂತೇ ತಿಂದು, ಸಿಪ್ಪೆಯನ್ನು ಹಸುವಿನ ಬಾಯಿಗೆ ಕೊಟ್ಟರು. "ಬರೋ ವರ್ಸ ಬಾಳೆ ಬ್ಯಾಡ ಕಣಮ್ಮಿ. ಜ್ವಾಳ ಆಕ್ಬುಡಾನ."

"ಆನೆ ಜೋಳ ಬಿಡ್ತದೇನ್ರೀ?"

"ಆನೆಗಾದ್ರೂ ರುಚಿ ಗೊತ್ತು ಬುಡು."

ಮುಂದಿನ ಮಳೆಗೆ ಜೋಳವನ್ನೇ ಬಿತ್ತಿದರು. ವೀಳ್ಯಕ್ಕೆ ಬೇಕಾದ ಎರಡು ಬಾಳೆಹಣ್ಣನ್ನೂ ಆಮೇಲೆ ನಾವು ಅಂಗಡಿಯಿಂದಲೇ ತರತೊಡಗಿದೆವು.