ದುಫಿಯಜ್ಜಿಯ ಸಿಟ್ಟನ್ನು ಕೇಳಿದ ಕಿವಿ

ಕುಮಾಸಿಯ ಗಾಡಿ ರಿಪೇರಿ ಪೇಟೆ ಸುವಾಮೆಯಲ್ಲಿ ಸುತ್ತಿಗೆ, ಹಾರ್ನುಗಳ ಸದ್ದು ಎಷ್ಟೆಂದರೆ, ಅಲ್ಲಿ ಹುಟ್ಟಿದ ಕೂಸು ಅಳುವುದಿಲ್ಲ, ಪೋಂ ಪೋಂ ಅನ್ನುತ್ತದೆ. ಆ ಗದ್ದಲದ ನಡುವೆ ಕೂತು ಫಿಟ್ಟರ್ ಬಿರಾಗೊ, ಆಚೆ ಬೀದಿಯಲ್ಲಿ ಹೋಗುವ ವ್ಯಾನಿನ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದಳು. ಅವಳ ಮಗ್ಗುಲಲ್ಲೇ ಟೈರಿಗೆ ತೇಪೆ ಹಾಕಿಕೊಂಡು ಬದುಕಿದವನು ನಾನು. ಇರುವೆ ಕೆಮ್ಮಿದರೆ ಅದಕ್ಕೆ ಎಡಗಡೆ ಕಫವೋ ಬಲಗಡೆ ಕಫವೋ ಎಂದು ಬಿರಾಗೊ ಹೇಳಬಲ್ಲಳು ಎಂದು ಪೇಟೆಯಲ್ಲೆಲ್ಲ ಸಾರಿದ್ದೆ. ಇರುವೆ ಕೆಮ್ಮುವುದಿಲ್ಲ ಎಂದು ಯಾರೋ ತಕರಾರು ತೆಗೆದರು. ನಿಮ್ಮ ಕಿವಿಗೆ ಕೇಳಿಸಿಲ್ಲ, ಅಷ್ಟೇ, ಅಂದೆ.

ಅವಳ ಗಂಡನೂ ಫಿಟ್ಟರೇ. ಅವಳನ್ನು ಬಿಟ್ಟು ಓಡಿಹೋಗುವ ಅವಸರದಲ್ಲಿ ಸ್ಪ್ಯಾನರ್ ಪೆಟ್ಟಿಗೆ ಮರೆತುಹೋದ. "ಬೇಡದ್ದು ಹೋಯ್ತು, ಬೇಕಾದ್ದು ಉಳೀತು" ಎಂದು ಬಿರಾಗೊ ಮಾರನೆಯ ದಿನವೇ ಅವನ ಜಾಗದಲ್ಲಿ ಕೂತಳು. ಒಂದು ತಿಂಗಳು ಗಿರಾಕಿಗಳು ನಕ್ಕರು. ಆಮೇಲೆ ಸಾಲಾಗಿ ನಿಂತರು.

ನಮ್ಮ ಬೀದಿಯ ದುಫಿಯಜ್ಜಿಯನ್ನು ಮಣ್ಣು ಮಾಡಿದ ಶನಿವಾರವನ್ನು ಮಾತ್ರ ನಾನು ಉಪ್ಪುಖಾರ ಹಚ್ಚದೆ ಹೇಳಬೇಕು.

ನಾವು ಅಳಿಯಕಟ್ಟಿನ ಜನ, ಕುಲ ತಾಯಿಯ ಕಡೆಯದು. ಮನೆಯ ಯಜಮಾನಿಕೆ ಅಜ್ಜಿಯ ತಮ್ಮ ಯಿಯಾದೊಮನದು. ಅಕ್ಕನದರಂಥ ಮೆರವಣಿಗೆಯನ್ನು ಊರು ಹಿಂದೆಂದೂ ಕಂಡಿರಬಾರದು ಎಂದು ಆತ ಹೆಣದ ವ್ಯಾನಿಗೆ ಒಳಗೂ ಹೊರಗೂ ಹೊಸ ಕಪ್ಪು ಬಣ್ಣ ಬಳಿಸಿದ್ದ. ಬೆಳಿಗ್ಗೆ ಆ ವ್ಯಾನಿನಲ್ಲೇ ಶವಾಗಾರದಿಂದ ಅಜ್ಜಿ ಮನೆಗೆ ಬಂದಳು. ಅಳುವವರೆಲ್ಲ ಅತ್ತಾಯಿತು, ಹೆಣದ ಪೆಟ್ಟಿಗೆಯನ್ನು ಮತ್ತೆ ವ್ಯಾನಿಗೆ ಏರಿಸಿದ್ದಾಯಿತು. ಡ್ರೈವರ್ ಕೀ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಟಕ್. ಡೋಲಿನವರ ಕೈ ಮೇಲೆಯೇ ನಿಂತಿತು.

ಹೆಣ ಹೊತ್ತವರ ಕಾಲು ಮುಂದಕ್ಕೆ ಹೋಗದಿದ್ದರೆ, ಸತ್ತವರಿಗೆ ಯಾರೋ ಕೇಡು ಮಾಡಿದ್ದಾರೆ ಎಂದು ನಮ್ಮ ಹಿರಿಯರ ಲೆಕ್ಕ. ಈಗ ಕಾಲು ಹೋಗಿ ಚಕ್ರ ಬಂದಿದೆ, ಲೆಕ್ಕ ಹಾಗೇ ಇದೆ.

"ತಳ್ಳಿದ್ರೆ ಸ್ಟಾರ್ಟ್ ಆದೀತು," ಎಂದನೊಬ್ಬ.

"ಬದುಕಿದ್ದಾಗ್ಲೇ ನಮ್ಮಕ್ಕನ್ನ ತಳ್ಳೋ ಗಂಡಸು ಹುಟ್ಟಿರ್ಲಿಲ್ಲ. ಸತ್ತ ಮೇಲೆ ಮನೆಯಿಂದ ನೂಕ್ತೀಯೇನೋ?" ಯಿಯಾದೊಮ್ ಗುಡುಗಿದ. "ಅಕ್ಕ ಹೊರಡೋಕೆ ಒಪ್ತಾ ಇಲ್ಲ. ಕೊನೇ ಗಂಜಿ ಕುಡಿಸಿದ್ದು ಯಾರು?"

ಕುಡಿಸಿದ್ದು ಸೊಸೆ ಫ್ರೇಮಾ. ಅಜ್ಜಿ ಹಾಸಿಗೆ ಹಿಡಿದಾಗಿನಿಂದ ಮಲಮೂತ್ರ ಬಳಿದವಳೂ ಅವಳೇ. ಆದರೆ ಬೇರೆ ಕುಲದ ಹೆಣ್ಣು. ಯಿಯಾದೊಮ್ ಅವಳ ಹಣೆಗೆ ಕಟ್ಟಿದ್ದ ಸೂತಕದ ಕೆಂಪು ಪಟ್ಟಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ.

"ತಪ್ಪು ಒಪ್ಕೋ. ಇಲ್ಲಾಂದ್ರೆ ಈಗ್ಲೇ ಗಂಟುಮೂಟೆ ಕಟ್ಟು."

ಫ್ರೇಮಾಳ ಗಂಡ ನೆಲ ನೋಡಿದ. ಆಗ ಬಿರಾಗೊ ಸಾವಿನ ಮನೆಗೆಂದು ಉಟ್ಟಿದ್ದ ಕರಿಸೀರೆಯಂಥ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಅಜ್ಜಿ ಏನೋ ಹೇಳ್ತಿದ್ದಾಳೆ ಅಂತೀರಲ್ಲ, ಕೇಳೋಣ. ಎಲ್ರೂ ಬಾಯ್ಮುಚ್ಚಿ."

"ಅಳೋರೂನಾ?" ಯಾರೋ ಕೇಳಿದರು.

"ಅಳೋರು ಮೊದ್ಲು."

ಗೋಡೆ ಮೇಲಿನ ಓತಿಕ್ಯಾತ ಕೂಡ ತಲೆ ಆಡಿಸುವುದನ್ನು ನಿಲ್ಲಿಸಿತು. ಬಿರಾಗೊ ಮುಂದಿನ ದೀಪ ಹಾಕಿಸಿ, ಬಾನೆಟ್ಟಿಗೆ ಕಿವಿಯಿಟ್ಟು, "ತಿರುಗ್ಸು" ಎಂದಳು.

ಟಕ್.

"ದೀಪ ಮಂಕಾಯ್ತಾ?"

"ಇಲ್ಲ ಮಾರಾಯ್ತಿ," ಅಂದೆ.

"ಬ್ಯಾಟರಿ ಗಟ್ಟಿಯಾಗಿದೆ. ಬಡವಾಗಿದ್ರೆ ಚಳಿ ಹಿಡಿದೋರ ಹಲ್ಲಿನ ಹಾಗೆ ಟಕಟಕಟಕ ಅಂತಿತ್ತು. ಇದು ಒಂದೇ ಟಕ್. ಕರೆಂಟು ಒಳಗೆ ಹೋಗಿದೆ, ವಾಪಸ್ ಬರೋಕೆ ದಾರಿ ಇಲ್ಲ." ಡ್ರೈವರ್ ಕಡೆ ತಿರುಗಿದಳು. "ಬೆಳಿಗ್ಗೆ ಹೇಗಪ್ಪಾ ಸ್ಟಾರ್ಟ್ ಮಾಡ್ದೆ?"

ಅವನು ತನ್ನ ಬೂಟನ್ನು ನೋಡಿಕೊಂಡ. "ಪೇಂಟಿನೋರು ತಳ್ಳಿಕೊಟ್ರು, ಅಮ್ಮಾ. ಆಮೇಲೆ ಇಲ್ಲಿವರೆಗೂ ಆಫೇ ಮಾಡಿರ್ಲಿಲ್ಲ."

ಬಾನೆಟ್ ಎತ್ತಿದರೆ ಒಳಗೂ ಮದುಮಗನ ಬೂಟಿನಂತೆ ಕಪ್ಪು ಮಿರಮಿರ. ಇಂಜಿನ್ನಿನಿಂದ ವ್ಯಾನಿನ ಮೈಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಕರೆಂಟು ಮನೆಗೆ ಮರಳುವುದು ಅದರ ಮೇಲೆಯೇ. ಪೇಂಟಿನವರು ಅದನ್ನು ಬಿಚ್ಚಿ, ಮೈಗೆ ದಪ್ಪಗೆ ಬಳಿದು, ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣ ಕರೆಂಟನ್ನು ದಾಟಗೊಡುವುದಿಲ್ಲ. ಬಿರಾಗೊ ನಟ್ಟು ಬಿಚ್ಚಿ, ಬಿಳಿ ಕಬ್ಬಿಣ ಕಾಣುವವರೆಗೆ ಚಾಕುವಿನಿಂದ ಹೆರೆದು, ಪಟ್ಟಿಯನ್ನು ಮತ್ತೆ ಬಿಗಿದಳು.

"ಯಜಮಾನ್ರೇ, ನಿಮ್ಮಕ್ಕನ್ನ ತಡೆದಿದ್ದು ನಿಮ್ಮ ಬಣ್ಣ."

ಯಿಯಾದೊಮ್ ಸುಮ್ಮನೆ ಸೋಲುವವನಲ್ಲ. "ಬಣ್ಣ ನಂದೇ. ಸರಿಯಾಗಿ ಆ ಜಾಗಕ್ಕೇ ಅದನ್ನ ಬಳಿಸಿದ್ದು ಯಾರು? ಅಕ್ಕ!"

"ಹೌದು ಹೌದು," ಎಂದಿತು ಅಂಗಳ. ಫ್ರೇಮಾಳ ಮುಖದಲ್ಲಿ ಆಗತಾನೆ ಮೂಡಿದ್ದ ಕಳೆ ಮತ್ತೆ ಇಳಿಯಿತು.

ಬಿರಾಗೊ ವಾದ ಮಾಡಲಿಲ್ಲ. ಕೈ ಒರೆಸಿಕೊಂಡಳು. "ಹಾಗಾದ್ರೆ ಅಕ್ಕನ್ನೇ ಕೇಳೋಣ. ಫ್ರೇಮಾ, ಹತ್ತು. ಕೀ ನೀನು ತಿರುಗ್ಸು. ನಿನ್ನ ಮೇಲೆ ಸಿಟ್ಟಿದ್ರೆ ಟಕ್ ಅಂತಾಳೆ. ಇಲ್ದಿದ್ರೆ ಹೊರಡ್ತಾಳೆ. ಏನಂತೀರಿ, ಯಜಮಾನ್ರೇ?"

ಆತ ತಾನೇ ತೋಡಿದ ಬಾವಿ. ಹೂಂ ಎಂದು ತಲೆಯಾಡಿಸಿದ.

ಹೆರೆದದ್ದು ನೋಡಿದ್ದೆ, ಬಿಗಿದದ್ದು ನೋಡಿದ್ದೆ. ಆದರೆ ಬಿರಾಗೊ ಒಮ್ಮೆಯೂ ಸ್ಟಾರ್ಟ್ ಮಾಡಿ ನೋಡಿರಲಿಲ್ಲ!

ಫ್ರೇಮಾ ಹಿಂದೆಂದೂ ಡ್ರೈವರ್ ಸೀಟಿನಲ್ಲಿ ಕೂತವಳಲ್ಲ. ಹಿಂದಿದ್ದ ಪೆಟ್ಟಿಗೆಯತ್ತ ಒಮ್ಮೆ ತಿರುಗಿ, "ಅತ್ತೇ" ಎಂದಳು. ಅಷ್ಟೇ. ಕೀ ತಿರುಗಿಸಿದಳು.

ಇಂಜಿನ್ ಗರ್ಜಿಸಿತು. ಹಿಂದಿನ ಓಣಿಯಲ್ಲಿ ಒಳಗೆ ಕೋಳಿ ಸಂಸಾರ ಹೂಡಿದ್ದ ಗುಜರಿ ಲಾರಿಯೊಂದು ಅದನ್ನು ಕೇಳಿ ತಾನೂ ಕೆಮ್ಮಿತಂತೆ. ಕೋಳಿಗಳು ಓಡಿದ್ದನ್ನು ನಾನೇ ಕಂಡಿದ್ದೇನೆ. ಅಂಗಳಕ್ಕೆ ಅಂಗಳವೇ ಅತ್ತಿತು. ಈ ಸಲದ್ದು ನಿಜವಾದ ಅಳು. ಯಿಯಾದೊಮ್ ವ್ಯಾನಿನ ಬಾಗಿಲಿಗೆ ಬಂದು ಕೆಂಪು ಪಟ್ಟಿಯನ್ನು ಫ್ರೇಮಾಳ ಹಣೆಗೆ ಕಟ್ಟಿದ. ಗಂಟು ಜಾರಿತು. ಮತ್ತೆ ಕಟ್ಟಿದ. "ಮುಂದೇನೇ ಕೂತ್ಕೋ, ಮಗಳೇ," ಎಂದ.

ಸ್ಮಶಾನದಿಂದ ಮರಳುವಾಗ ಬಿರಾಗೊಳನ್ನು ಹಿಡಿದೆ. "ಪಾಪದ ಹುಡುಗಿ ಬಾಳನ್ನ ಒಂದು ಕೀಗೆ ನೇತುಹಾಕಿದ್ಯಲ್ಲೇ! ಸ್ಟಾರ್ಟರೂ ಕೆಟ್ಟಿದ್ದಿದ್ರೆ?"

ಅವಳು ನನ್ನನ್ನು ಗಾಳಿ ಹೋದ ಟೈರಿನಂತೆ ನೋಡಿದಳು.

"ಕೆಟ್ಟ ಸ್ಟಾರ್ಟರಿನ ಟಕ್ಕೇ ಬೇರೆ. ನೀನೂ ಅಲ್ಲೇ ಇದ್ಯಲ್ಲೋ, ಕೇಳಿಸ್ಲಿಲ್ವಾ?"

ಕೇಳಿಸಿತ್ತು. ಊರಿಗೆ ಊರೇ ಕೇಳಿಸಿಕೊಂಡಿತ್ತು. ನಮಗೆಲ್ಲ ಅದರಲ್ಲಿ ದುಫಿಯಜ್ಜಿಯ ಸಿಟ್ಟೇ ಕೇಳಿಸಿತ್ತು.